ಮನೇಲಿ ಮಾಡಿದ್ರೆ ಕೇಸು, ಅಂಗಡೀಲಿ ಕೊಂಡ್ರೆ ಬೊಕ್ಕಸ!

ರಾತ್ರಿ ಎರಡು ಗಂಟೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ತಂಗಿಯ ಮನೆ. ನೆಲಮಾಳಿಗೆಯಿಂದ "ಢಬ್" ಅಂತ ಒಂದು ಶಬ್ದ. ಎರಡು ನಿಮಿಷ ಬಿಟ್ಟು ಮತ್ತೊಂದು. ಆಮೇಲೆ ಒಂದರ ಹಿಂದೆ ಒಂದು, ಮೂರು.

ನಮ್ಮವ್ವ ಮೊಮ್ಮಗುವನ್ನ ಎದೆಗವಚಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಿದ್ದರು. "ಗುಂಡು ಹಾರಿಸ್ತಾವ್ರೆ ಕಣ್ಲಾ ಮಗ! ಅಮೆರಿಕದಾಗೆ ಮನೆಗೆ ನುಗ್ಗಿ ಗುಂಡು ಹೊಡೀತಾರೆ ಅಂತ ಟೀವಿಯಾಗೆ ನೀನೇ ಅಲ್ವಾ ಬಡ್ಕೋತಿದ್ದುದು?"

ಗುಂಡಲ್ಲ ಸ್ವಾಮಿ. ಅದು ಬಿಯರು. ನಾನೂ, ನನ್ನ ತಂಗಿಯ ಗಂಡನೂ ಸೇರಿ ನಮ್ಮ ಕೈಯ್ಯಾರೆ ಮಾಡಿ, ನಮ್ಮ ಕೈಯ್ಯಾರೆ ಬಾಟ್ಲಿಗೆ ತುಂಬಿಸಿ, ಮುಚ್ಚಳ ಒತ್ತಿ, ಅವ್ವನಿಗೆ ಗೊತ್ತಾಗದ ಹಾಗೆ ಮೆಟ್ಟಿಲ ಕೆಳಗೆ ಬಚ್ಚಿಟ್ಟಿದ್ದ ಬಿಯರು.

ಅವತ್ತು ಆ ಮೆಟ್ಟಿಲಿಳಿದು ಬಂದು, ಗಾಜಿನ ಚೂರು, ನೊರೆ, ಆ ವಾಸನೆ ನೋಡಿದ ಅವ್ವ ಒಂದು ಮಾತೂ ಆಡಲಿಲ್ಲ. ಸುಮ್ಮನೆ ವಾಪಸ್ ಹತ್ತಿ ಹೋದರು. ಎರಡು ದಿನ ನನ್ನ ಜತೆ ಮಾತು ಬಿಟ್ಟರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೌನ ಯಾಕೆ ಅಂತ ನನಗೆ ಗೊತ್ತಿತ್ತು. ಅದನ್ನ ಹೇಳ್ತೀನಿ. ಅದಕ್ಕೂ ಮೊದಲು ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗಿ ಬರೋಣ, ಬನ್ನಿ.

ಬಿಯರ್ ಅಂದರೆ ಬ್ರಿಟಿಷರು ತಂದದ್ದು, ಜರ್ಮನ್ನರು ಕಂಡುಹಿಡಿದದ್ದು ಅಂತ ನಾವು ಅಂದುಕೊಂಡಿದ್ದೀವಿ. ತಪ್ಪು. ಧಾನ್ಯ ಬೆಳೆದ ಕಡೆಯೆಲ್ಲ ಮನುಷ್ಯ ಅದನ್ನ ಹುದುಗು ಬರಿಸಿ ಕುಡಿದಿದ್ದಾನೆ. ಈಗಿನ ಇರಾಕ್ ಇರುವ ಜಾಗದಲ್ಲಿದ್ದ ಸುಮೇರಿಯನ್ನರಿಗೆ ನಿಂಕಾಸಿ ಅಂತ ಒಬ್ಬ ದೇವತೆ ಇದ್ದಳು. ಬಿಯರಿನ ದೇವತೆ! ಕ್ರಿಸ್ತಪೂರ್ವ 1800ರ ಸುಮಾರಿನ ಮಣ್ಣಿನ ಹಲಗೆಗಳ ಮೇಲೆ ಅವಳ ಸ್ತೋತ್ರ ಇದೆ. ಸ್ತೋತ್ರ ಅಂತ ಹೆಸರು, ಓದಿದರೆ ಬಿಯರ್ ಮಾಡುವ ವಿಧಾನ. ಬಾರ್ಲಿ ನೆನೆಸೋದು, ಮೊಳಕೆ ಬರಿಸೋದು, ಬೇಯಿಸೋದು, ಸೋಸೋದು, ಎಲ್ಲ ಅದರಲ್ಲಿದೆ. ಅದಾದ ಮೇಲೆ ಬಂದ ರಾಜ ಹಮ್ಮುರಾಬಿ ತನ್ನ ಕಾನೂನಿನ ಕಲ್ಲಿನಲ್ಲಿ, ಹೆಂಡದಂಗಡಿ ನಡೆಸುವ ಹೆಂಗಸು ಬೆಲೆಯಲ್ಲಿ ಮೋಸ ಮಾಡಿದರೆ ಅವಳನ್ನ ನೀರಿಗೆ ಎಸೆಯಿರಿ ಅಂತ ಕೆತ್ತಿಸಿದ. ಗಮನಿಸಿ. ದೇವತೆ ಹೆಣ್ಣು. ಮಾಡುವವಳು ಹೆಣ್ಣು. ಶಿಕ್ಷೆಯೂ ಹೆಣ್ಣಿಗೇ.

ಇನ್ನು ನಮ್ಮ ದೇಶಕ್ಕೆ ಬನ್ನಿ. ದೇಶಕ್ಕೆ ಯಾಕೆ, ನಮ್ಮ ಮೈಸೂರಿಗೇ ಬನ್ನಿ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ಮಾತ್ರ ಕೇಳಿಕೊಂಡು, ಪೂರ್ತಿ ಗ್ರಂಥ ಕಳೆದೇಹೋಯಿತು ಅಂತ ಜಗತ್ತು ಕೈಚೆಲ್ಲಿತ್ತು. ಅದರ ತಾಳೆಗರಿ ಸಿಕ್ಕಿದ್ದು ಎಲ್ಲಿ? 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಗುರುತಿಸಿದವರು ಅಲ್ಲಿದ್ದ ರುದ್ರಪಟ್ಟಣ ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು.

ಆ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಅನ್ನುವ ಅಧಿಕಾರಿಯ ಬಗ್ಗೆ ಒಂದು ಇಡೀ ಅಧ್ಯಾಯ ಇದೆ. ಇವತ್ತಿನ ಭಾಷೆಯಲ್ಲಿ ಅಬಕಾರಿ ಕಮಿಷನರ್. ಮದ್ಯ ಎಲ್ಲಿ ಮಾರಬೇಕು, ಯಾರಿಗೆ ಎಷ್ಟು ಕೊಡಬೇಕು, ಅಂಗಡಿಯಲ್ಲಿ ಅನುಮಾನಾಸ್ಪದವಾಗಿ ದುಡ್ಡು ಚೆಲ್ಲುವವನ ಮೇಲೆ ಹೇಗೆ ಕಣ್ಣಿಡಬೇಕು, ಎಲ್ಲ ಬರೆದಿದ್ದಾನೆ ಪುಣ್ಯಾತ್ಮ. ಅಕ್ಕಿಯಿಂದ ಮಾಡುವ ಮೇದಕ ಅನ್ನುವ ಪೇಯಕ್ಕೆ ನೀರೆಷ್ಟು, ಅಕ್ಕಿಯೆಷ್ಟು, ಹುದುಗು ಎಷ್ಟು ಅಂತ ಅಳತೆ ಕೊಟ್ಟಿದ್ದಾನೆ. ಆ ಹುದುಗಿಗೆ ಅವನು ಬಳಸುವ ಪದ ಯಾವುದು ಗೊತ್ತಾ? ಕಿಣ್ವ!

ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಕಿಣ್ವ. ಎಂಜೈಮ್ ಅನ್ನುವುದಕ್ಕೆ ಕನ್ನಡ ಪದ. ಅದು ಮೂಲದಲ್ಲಿ ಹೆಂಡ ಹುದುಗಿಸುವ ಮದ್ದು. ಇನ್ನೂ ಮಜಾ ಕೇಳಿ. 1877ರಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ಎಂಜೈಮ್ ಅನ್ನುವ ಪದ ಕಟ್ಟಿದ್ದು ಗ್ರೀಕ್ ಭಾಷೆಯಿಂದ. ಅದರ ಅರ್ಥ 'ಹುದುಗಿನೊಳಗಿರುವುದು'. ಅಲ್ಲೂ ಹುದುಗು, ಇಲ್ಲೂ ಹುದುಗು. ಕೌಟಿಲ್ಯನ ಕಿಣ್ವದಲ್ಲಿ ಏನಿತ್ತು? ಮುಖ್ಯವಾಗಿ ಉದ್ದು ಮತ್ತು ಅಕ್ಕಿ, ಜತೆಗೊಂದಿಷ್ಟು ಗಿಡಮೂಲಿಕೆ. ಉದ್ದು, ಅಕ್ಕಿ ರುಬ್ಬಿ ಹುಳಿ ಬರಿಸೋದು ಅಂದರೆ ನಮ್ಮ ದೋಸೆ ಹಿಟ್ಟಿನ ದಾಯಾದಿಯೇ ಅಲ್ಲವೇ?

ಈ ಅಧ್ಯಾಯದಲ್ಲಿ ಎರಡು ವಿಷಯ ನನ್ನ ತಲೆಯಲ್ಲಿ ಉಳಿದುಬಿಟ್ಟವು. ಒಂದು, ಹುದುಗಿನ ಸಾಮಗ್ರಿ ಹೊಂದಿಸುವ ಕೆಲಸ ಹೆಂಗಸರು ಮಕ್ಕಳದ್ದು ಅಂತ ಇದೆ. ಎರಡು, ಗೃಹಸ್ಥರು ಮನೆಯ ಶುಭಕಾರ್ಯಗಳಿಗೆ ಬಿಳಿ ಸುರೆಯನ್ನ, ಔಷಧಕ್ಕೆ ಅರಿಷ್ಟವನ್ನ ತಾವೇ ಮಾಡಿಕೊಳ್ಳಬಹುದು ಅಂತ ಇದೆ. ಉತ್ಸವ, ಜಾತ್ರೆಗಳ ಹೊತ್ತಿನಲ್ಲಿ ನಾಲ್ಕು ದಿನದ ರಿಯಾಯಿತಿ. ಅಷ್ಟು ಬಿಗಿಯಾದ, ಪ್ರತಿ ಕಾಸಿಗೂ ಲೆಕ್ಕ ಕೇಳುವ ಕೌಟಿಲ್ಯ ಕೂಡ ಮನೆಯ ಹಬ್ಬದ ಮಡಕೆಗೂ, ಮಾರಾಟದ ಪೀಪಾಯಿಗೂ ನಡುವೆ ಒಂದು ಗೆರೆ ಎಳೆದಿದ್ದ.

ಕನ್ನಡ ಸಾಹಿತ್ಯ ಈ ವಿಷಯದಲ್ಲಿ ಮಡಿವಂತಿಕೆ ಮಾಡಿಲ್ಲ. 941ರ ಸುಮಾರಿನ ಪಂಪ ಭಾರತದಲ್ಲಿ ಅರ್ಜುನ ರಾತ್ರಿ ಹೊತ್ತು ಸೂಳೆಗೇರಿಯಲ್ಲಿ ನಡೆದು ಹೋಗುವಾಗ ಕುಡುಕರ ಗೋಷ್ಠಿಯ ಚಿತ್ರ ಬರುತ್ತದೆ. ಹನ್ನೆರಡನೇ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯ ಶರಣನಾಗುತ್ತಾನೆ, ವಚನ ಬರೆಯುತ್ತಾನೆ. ಹೆಂಡದ ಮಾರಯ್ಯ ಅಂತಲೇ ಅವನ ಹೆಸರು. ನಮ್ಮ ಕಾಲಕ್ಕೆ ಬಂದರೆ ಜಿ.ಪಿ. ರಾಜರತ್ನಂ. ಸ್ವತಃ ಹೆಂಡ ಮುಟ್ಟದ ಮೇಷ್ಟ್ರು, ಯೆಂಡ್ಕುಡ್ಕ ರತ್ನನನ್ನ ಸೃಷ್ಟಿಸಿ ಕನ್ನಡಿಗರ ಬಾಯಲ್ಲಿ ಶಾಶ್ವತವಾಗಿ ಬಿಟ್ಟರು.

ಹಾಗಾದರೆ ಮನೆಯ ಮಡಕೆ ಯಾವಾಗ ಒಡೆಯಿತು?

ಅಬಕಾರಿ ಅನ್ನುವ ಪದ ನೋಡಿ. ಪಾರ್ಸಿ ಮೂಲದ್ದು. 'ಆಬ್' ಅಂದರೆ ನೀರು, 'ಕಾರಿ' ಅಂದರೆ ಕೆಲಸ. ನೀರಿನ ಕೆಲಸ! ನಮ್ಮಲ್ಲಿ ಇದರ ಮೇಲೆ ದೊಡ್ಡ ಬಡಿಗೆ ಎತ್ತಿದವರಲ್ಲಿ ಟಿಪ್ಪು ಸುಲ್ತಾನ್ ಒಬ್ಬ. 1787ರ ಸುಮಾರಿಗೆ ಆದಾಯ ಹೋದರೂ ಪರವಾಗಿಲ್ಲ ಅಂತ ಮದ್ಯ ನಿಲ್ಲಿಸಲು ಹೊರಟ. ಅವನ ನಂತರ ಬಂದವರಿಗೆ ಆದಾಯವೇ ಮುಖ್ಯವಾಯಿತು. ಹೆಂಡದ ಗುತ್ತಿಗೆ, ಸಾರಾಯಿ ಗುತ್ತಿಗೆ ಹರಾಜಾದವು. ಹರಾಜು ಹಿಡಿದವನಿಗೆ ಲಾಭ ಬರಬೇಕಾದರೆ ಮನೆಯಲ್ಲಿ ಯಾರೂ ಮಾಡಿಕೊಳ್ಳಬಾರದು. ಅಲ್ಲಿಗೆ ಮನೆಯ ಮಡಕೆ ಕಳ್ಳಮಾಲಾಯಿತು.

ಬಿಯರ್ ಕಥೆ ಬೆಂಗಳೂರಿನದ್ದು. ದಂಡಿನ ಪ್ರದೇಶದ ಸೋಲ್ಜರುಗಳಿಗೆ ಬೇಕಿತ್ತು. ಬೆಂಗಳೂರಿನಲ್ಲಿ, ನೀಲಗಿರಿಯಲ್ಲಿ ಬ್ರೂವರಿಗಳು ಎದ್ದವು. ಎತ್ತಿನ ಗಾಡಿಯಲ್ಲಿ ದೊಡ್ಡ ದೊಡ್ಡ ಪೀಪಾಯಿ ಹೇರಿಕೊಂಡು ಸೈನ್ಯಕ್ಕೆ ಸಾಗಿಸುತ್ತಿದ್ದರು. ಐದು ಬ್ರೂವರಿಗಳನ್ನ ಒಟ್ಟು ಮಾಡಿ ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್‌ಲ್ಯಾಂಡಿನವನು ಯುನೈಟೆಡ್ ಬ್ರೂವರೀಸ್ ಕಟ್ಟಿದ. ಯಾವ ಇಸವಿ? 1915. ಅದೇ 1915. ಶಾಮಶಾಸ್ತ್ರಿಗಳು ಕೌಟಿಲ್ಯನ ಸುರಾಧ್ಯಕ್ಷನನ್ನ ಇಂಗ್ಲಿಷಿನಲ್ಲಿ ಜಗತ್ತಿನ ಕೈಗಿಟ್ಟ ವರ್ಷವೇ ಬೆಂಗಳೂರಿನಲ್ಲಿ ಈ ಕಂಪನಿ ಹುಟ್ಟಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಅದು ವಿಠಲ್ ಮಲ್ಯ ಅವರ ಕೈಗೆ ಬಂತು. ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆ. ಇವತ್ತು ಯುಬಿ ಸಿಟಿ ಅಂತ ಗಾಜಿನ ಗೋಪುರಗಳು ನಿಂತಿರುವ ಜಾಗ ಇದೆಯಲ್ಲ, ಅಲ್ಲಿ ಹಿಂದೆ ಇದ್ದದ್ದು ಬ್ರೂವರಿ.

ಇದು ಬೆಂಗಳೂರು. ಈಗ ನಮ್ಮೂರಿಗೆ ಬನ್ನಿ.

ಹುಣಸೂರು ತಾಲ್ಲೂಕು ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥದ ಅಣೆಕಟ್ಟೆ, ಅದರ ನಾಲೆ, ಗದ್ದೆ, ಮೇಲ್ಗಡೆ ಹೊಲದಲ್ಲಿ ರಾಗಿ, ಹೊಗೆಸೊಪ್ಪು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೊತ್ತಲ್ಲ? ಹುಣಸೂರು, ಪಿರಿಯಾಪಟ್ಟಣದ ಕಡೆ ಬಸ್ಸಿನಲ್ಲಿ ಹೋದರೆ ರಸ್ತೆಯುದ್ದಕ್ಕೂ ಕಾಣುತ್ತವೆ, ಎತ್ತರದ ಕಿಟಕಿಯಿಲ್ಲದ ಮನೆಗಳು. ಸೊಪ್ಪು ಕಟ್ಟಿ ಒಳಗೆ ಏರಿಸಿದರೆ ದಿನಗಟ್ಟಲೆ ಹಗಲೂ ರಾತ್ರಿ ಬೆಂಕಿ ಆರಬಾರದು, ಜಾಸ್ತಿಯೂ ಆಗಬಾರದು. ಯಾರಾದರೊಬ್ಬರು ರಾತ್ರಿಯೆಲ್ಲ ಎಚ್ಚರವಿದ್ದು ಸೌದೆ ಒಟ್ಟಬೇಕು. ನಮ್ಮ ಮನೆಯ ಬ್ಯಾರನ್ನಿಗೆ ಆ ಕೆಲಸ ನನ್ನ ಸೋದರಮಾವನದು. ನಮ್ಮವ್ವನ ಒಬ್ಬನೇ ತಮ್ಮ.

ರಾತ್ರಿ ಎಚ್ಚರವಿರೋಕೆ ಸಾರಾಯಿ ಪಾಕೆಟ್ಟು. ಮೊದಲು ಒಂದು. ಆಮೇಲೆ ಎರಡು. ಆಮೇಲೆ ಬ್ಯಾರನ್ ಇಲ್ಲದ ಕಾಲದಲ್ಲೂ ಪಾಕೆಟ್ಟು. ಪ್ಲಾಸ್ಟಿಕ್ ಪಾಕೆಟ್ಟಿನ ಮೂಲೆಯನ್ನ ಹಲ್ಲಿನಲ್ಲಿ ಕಚ್ಚಿ ಹರಿದು, ನಿಂತ ಜಾಗದಲ್ಲೇ ಬಾಯಿಗೆ ಹಿಂಡಿಕೊಳ್ಳೋದು. ಕುಡಿಯೋಕೆ ಕೂರಬೇಕಾಗಿಲ್ಲ, ಲೋಟ ಬೇಕಾಗಿಲ್ಲ, ಜತೆಗೊಬ್ಬರು ಬೇಕಾಗಿಲ್ಲ. ನಲವತ್ತು ದಾಟಲಿಲ್ಲ ಮಾವ. ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಹೋದ. ಅವನ ಹೆಣ ಮನೆ ಮುಂದೆ ಇಟ್ಟಾಗ ಅಂಗಳದಲ್ಲಿ ಬಿದ್ದಿದ್ದ ಖಾಲಿ ಪಾಕೆಟ್ಟುಗಳನ್ನ ನಮ್ಮವ್ವ ಒಂದೊಂದಾಗಿ ಆಯ್ದು ಒಲೆಗೆ ಹಾಕಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಅವತ್ತು ನಾನು ಸುದ್ದಿ ಓದುವವನಾಗಿ ಅದನ್ನ ಐತಿಹಾಸಿಕ ತೀರ್ಮಾನ ಅಂತ ಓದಿದೆ. ರಾತ್ರಿ ಫೋನ್ ಮಾಡಿದರೆ ಅವ್ವ ಹೇಳಿದ್ದು ಇಷ್ಟೇ: "ನಿನ್ನ ಮಾವ ಹೋದ್ಮೇಲೆ ಮಾಡವ್ರೆ." ಮುಂದಿನ ವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೀಗೇ ಹೋಗಿದ್ದರು. ಎರಡೂ ಸಲ ಕೊಂದದ್ದು ಮಿಥೈಲ್ ಆಲ್ಕೋಹಾಲ್. ಕಾರ್ಖಾನೆಯ ಬಳಕೆಗೆ ಇರುವ ವಿಷ. ಧಾನ್ಯ ಹುಳಿ ಬಂದರೆ ಜೀವ ತೆಗೆಯುವಷ್ಟು ಆ ವಿಷ ಹುಟ್ಟುವುದಿಲ್ಲ. ಲಾಭಕ್ಕಾಗಿ ಯಾರೋ ಬೆರೆಸಿದರೆ ಮಾತ್ರ ಬರುತ್ತದೆ.

ಈಗ ಅರ್ಥವಾಯಿತಲ್ಲ, ನ್ಯೂಜೆರ್ಸಿಯ ಮೆಟ್ಟಿಲ ಮೇಲೆ ಅವ್ವ ಯಾಕೆ ಮಾತಾಡಲಿಲ್ಲ ಅಂತ.

ಅದು 2016. ಅಟ್ಲಾಂಟಿಕ್ ಸಿಟಿಯಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ. ಅದರ ವರದಿಗೆ ಹೋದವನು ರಜೆ ಸೇರಿಸಿಕೊಂಡು ತಂಗಿಯ ಮನೆಯಲ್ಲಿ ಐದು ವಾರ ಉಳಿದೆ. ತಂಗಿಗೆ ಆರು ತಿಂಗಳ ಮಗು. ಬಾಣಂತನಕ್ಕೆ ಬಂದ ಅವ್ವ ಅಲ್ಲೇ ಇದ್ದರು. ತಂಗಿಯ ಗಂಡ ಎಂಜಿನಿಯರು. ಹೊಸದಾಗಿ ಬಿಯರ್ ಮಾಡುವ ಹುಚ್ಚು ಹಿಡಿದಿತ್ತು. ಅಲ್ಲಿ ಅದು ಕಾನೂನುಬದ್ಧ. ಆದರೆ ಯಾವಾಗಿಂದ ಅನ್ನುವುದೇ ಸ್ವಾರಸ್ಯ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಅದು ತೆಗೆದುಹಾಕಿದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ದಾರಿ ತೆರೆಯಿತು. ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ ಮನೆಗೆ 200. ಒಂದೇ ಶರತ್ತು, ಮಾರುವ ಹಾಗಿಲ್ಲ. ಅಲಬಾಮ, ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಬ್ರಿಟನ್ನಿನಲ್ಲಿ 1963ರವರೆಗೂ ಮನೆಯಲ್ಲಿ ಮಾಡಲು ಲೈಸೆನ್ಸ್ ಬೇಕಿತ್ತು. ಮುಂದುವರಿದ ದೇಶಗಳೂ ಕೌಟಿಲ್ಯನ ಗೆರೆಗೆ ವಾಪಸ್ ಬರಲು ಇಷ್ಟು ವರ್ಷ ಬೇಕಾಯಿತು ನೋಡಿ.

ನಾನು ಹೋಗುವಷ್ಟರಲ್ಲಿ ಅವನ ಮೊದಲನೇ ಪ್ರಯೋಗ ಮೋರಿಗೆ ಸೇರಿತ್ತು. ಮೊಳಕೆ ಬಾರ್ಲಿಯ ನುಚ್ಚನ್ನ ಸುಮಾರು 66 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಸಿಹಿ ನೀರು ಬಸಿದು, ಅದಕ್ಕೆ ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸಿ, ತಣ್ಣಗಾದ ಮೇಲೆ ಯೀಸ್ಟ್ ಬೆರೆಸಿದ್ದ. ಎಲ್ಲ ಸರಿ. ಆದರೆ ಸೋಸುವ ಕೊಳವೆಯನ್ನ ಸರಿಯಾಗಿ ತೊಳೆದಿರಲಿಲ್ಲ. ಹತ್ತೊಂಬತ್ತು ಲೀಟರ್ ವಿನೆಗರ್ ತಯಾರಾಯಿತು. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದು ಹೇಳಿದ್ದು ಇದನ್ನೇ. ಬೇಡದ ಸೂಕ್ಷ್ಮಜೀವಿ ಸೇರಿದರೆ ಬಿಯರ್ ಕೆಡುತ್ತದೆ. ಹಾಲಿನ ಪಾತ್ರೆ ತೊಳೆಯದೆ ಹೆಪ್ಪು ಹಾಕಬಾರದು ಅಂತ ನಮ್ಮವ್ವ ಪಾಶ್ಚರ್ ಓದದೆಯೂ ಹೇಳ್ತಾರೆ.

ಎರಡನೇ ಪ್ರಯೋಗಕ್ಕೆ ನಾನು ಜತೆಯಾದೆ. "ಭಾವ, ಈ ಸಲ ಪ್ರತಿಯೊಂದೂ ಕುದಿಯುವ ನೀರಲ್ಲಿ ತೊಳೆಯೋಣ" ಅಂದ. ತೊಳೆದೆವು. ನನ್ನ ಆತುರ ಮಾತ್ರ ತೊಳೆದು ಹೋಗಲಿಲ್ಲ. ನ್ಯೂಸ್ ಚಾನೆಲ್ ಮನುಷ್ಯ ನಾನು, ಎಲ್ಲವೂ ಈಗಲೇ ಆಗಬೇಕು. ಎರಡು ವಾರ ಹುದುಗಬೇಕಿದ್ದದ್ದನ್ನ ಐದನೇ ದಿನ ಬಾಟ್ಲಿಗೆ ತುಂಬಿಸಿಬಿಟ್ಟೆವು. ಗುಳ್ಳೆ ಬರಲಿ ಅಂತ ಬಾಟ್ಲಿಗೆ ಸ್ವಲ್ಪ ಸಕ್ಕರೆ ಹಾಕಬೇಕು, ಲೀಟರಿಗೆ ಆರೇಳು ಗ್ರಾಂ ಸಾಕು. ನಾನು ಕಾಫಿಗೆ ಹಾಕುವ ಹಾಗೆ ಚಮಚದಲ್ಲಿ ಸುರಿದೆ. ಯೀಸ್ಟಿಗೆ ಗೊತ್ತಿರುವುದು ಒಂದೇ ಕೆಲಸ. ಸಕ್ಕರೆ ತಿನ್ನು, ಆಲ್ಕೋಹಾಲ್ ಬಿಡು, ಗಾಳಿ ಬಿಡು. ಆ ಗಾಳಿಗೆ ಹೋಗಲು ಜಾಗ ಇಲ್ಲದಿದ್ದರೆ? ಅದೇ ರಾತ್ರಿ ಎರಡು ಗಂಟೆಯ ಗುಂಡಿನ ಸದ್ದು. ಆ ಹೊತ್ತಿನಲ್ಲಿ ಯಾರಾದರೂ ಕೆಳಗೆ ಇದ್ದಿದ್ದರೆ ಕಣ್ಣು ಹೋಗುತ್ತಿತ್ತು. ತಮಾಷೆಯ ಮಾತಲ್ಲ ಇದು.

ಮೂರನೇ ದಿನ ಅವ್ವ ಬಾಯಿ ಬಿಟ್ಟರು. ಅದೂ ನನ್ನ ಮೇಲಿನ ಪ್ರೀತಿಯಿಂದಲ್ಲ. ರಾಗಿಯ ಮೇಲಿನ ಪ್ರೀತಿಯಿಂದ.

ತಂಗಿಯ ಗಂಡ ಅಷ್ಟಕ್ಕೆ ಸುಮ್ಮನಾಗುವ ಆಸಾಮಿಯಲ್ಲ. "ಭಾವ, ಈ ಬಾರ್ಲಿ ನಮ್ಮದಲ್ಲ. ರಾಗಿಯಲ್ಲಿ ಯಾಕೆ ಆಗಬಾರದು?" ಅಂತ ರಾಗಿ ಹಿಟ್ಟನ್ನ 66 ಡಿಗ್ರಿ ನೀರಿಗೆ ಸುರಿದ. ಗಂಟು ಗಂಟು. ಮೇಲೆ ನೀರು, ಕೆಳಗೆ ಕೆಸರು. ಸಿಹಿಯೇ ಇಲ್ಲ. ಅಡುಗೆಮನೆಗೆ ಬಂದ ಅವ್ವ ಪಾತ್ರೆ ನೋಡಿದರು.

"ರಾಗಿ ಹಾಳು ಮಾಡ್ಬೇಡಿ ಅಳಿಯಂದ್ರೇ. ಬೇಯಿಸ್ದೆ ಬರೀ ಬಿಸ್ನೀರಿಗೆ ಹಾಕಿದ್ರೆ ಕರಗ್ತದಾ? ಮೊದ್ಲು ಅಂಬಲಿ ಕಾಯಿಸಿ. ಬೆರಳಿಟ್ರೆ ಸುಡಬೇಕು, ಬೊಬ್ಬೆ ಬರಬಾರ್ದು, ಅಷ್ಟು ಆರಿಸಿ. ಆಮೇಲೆ ಮೊಳ್ಕೆ ರಾಗಿ ಹಿಟ್ಟು ಬೆರೆಸಿ. ತಾನೇ ನೀರಾಗ್ತದೆ."

ಮೊಳಕೆ ರಾಗಿ ಮನೆಯಲ್ಲೇ ಇತ್ತು! ಮಗುವಿನ ಸರಿಗೆ ಅಂತ ಅವ್ವ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ತೆಗೆದು, ಬೀಸಿ ಡಬ್ಬಿಗೆ ತುಂಬಿದ್ದರು. ಅದರಿಂದ ಒಂದು ಹಿಡಿ ತೆಗೆದು ಗಟ್ಟಿ ಅಂಬಲಿಗೆ ತಾವೇ ಹಾಕಿ ತಿರುವಿದರು. ನಂಬ್ತೀರೋ ಇಲ್ಲವೋ, ಮುದ್ದೆಯಾಗಲು ಹೊರಟಿದ್ದ ಅಂಬಲಿ ನೋಡ್ತಾ ನೋಡ್ತಾ ತೆಳ್ಳಗಾಗಿ ಹೋಯಿತು. ಒಂದು ಗಂಟೆ ಬಿಟ್ಟು ನೆಕ್ಕಿ ನೋಡಿದರೆ ಸಿಹಿ, ಬೆಲ್ಲ ಹಾಕಿದ ಹಾಗೆ.

ಇದರ ವಿಜ್ಞಾನ ಹುಡುಕಿಕೊಂಡು ಹೋದರೆ ಮತ್ತೆ ಮೈಸೂರಿಗೇ ಬಂದು ನಿಂತೆ. 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಚೆಲುವಾಂಬ ವಿಲಾಸ ಅರಮನೆಯಲ್ಲಿರುವ ಆಹಾರ ಸಂಶೋಧನಾಲಯ. ಅಲ್ಲಿನ ವಿಜ್ಞಾನಿಗಳಾದ ದೇಶಿಕಾಚಾರ್, ಮಲ್ಲೇಶಿ ಅವರು ರಾಗಿ ಮಾಲ್ಟಿನ ಮೇಲೆ ದೊಡ್ಡ ಕೆಲಸ ಮಾಡಿದ್ದಾರೆ. ರಾಗಿ ಮೊಳಕೆಯೊಡೆದಾಗ ಅದರಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹೇರಳವಾಗಿ ಹುಟ್ಟುತ್ತದೆ. ಅದು ಬೆಂದ ಹಿಟ್ಟನ್ನ ಕತ್ತರಿಸಿ ಸಕ್ಕರೆ ಮಾಡುತ್ತದೆ. ಹಸಿ ಹಿಟ್ಟು ಅದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ರಾಗಿ ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. ಹಾಗಾಗಿಯೇ ಅವ್ವ ಮೊದಲು ಅಂಬಲಿ ಕಾಯಿಸಿ ಅಂದದ್ದು. ಎಳೆ ಮಗುವಿಗೆ ಗಟ್ಟಿ ಸರಿ ನುಂಗಲು ಆಗದು, ನೀರು ಹಾಕಿದರೆ ಶಕ್ತಿ ಸಾಲದು. ಮೊಳಕೆ ರಾಗಿ ಹಾಕಿದರೆ ಹಿಟ್ಟು ಹೆಚ್ಚಿದ್ದರೂ ತೆಳ್ಳಗಿರುತ್ತದೆ. ಮಗುವನ್ನ ಬೆಳೆಸುವ ಅದೇ ಕಿಣ್ವ, ಬಿಯರನ್ನೂ ಮಾಡುತ್ತದೆ. ಒಂದೇ ಡಬ್ಬಿ!

ನೇಪಾಳ, ಸಿಕ್ಕಿಂ ಕಡೆ ರಾಗಿಯಿಂದಲೇ ತೋಂಗ್ಬಾ ಮಾಡುತ್ತಾರೆ. ಆಫ್ರಿಕಾದ ಎಷ್ಟೋ ಕಡೆ ರಾಗಿ ಬಿಯರ್ ಮನೆಯ ಹೆಂಗಸರ ಕೆಲಸ. ಅಷ್ಟು ದೂರ ಯಾಕೆ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದಿಂದ, ಆಮೇಲೆ ನಮ್ಮ ಹುಣಸೂರಿನ ಗುರುಪುರಕ್ಕೆ ಬಂದು ನೆಲೆಸಿದ ಟಿಬೆಟನ್ನರ ಸಂಪ್ರದಾಯ ನೋಡಿ. ಲೋಸಾರ್ ಅಂದರೆ ಅವರ ಹೊಸವರ್ಷ. ಅದಕ್ಕೆ ಛಾಂಗ್. ಬಾರ್ಲಿ ಬೇಯಿಸಿ, ಆರಿಸಿ, ಹುದುಗಿನ ಪುಡಿ ಬೆರೆಸಿ, ಬೆಚ್ಚಗೆ ಹೊದಿಸಿಟ್ಟು ಮಾಡುವ ಪೇಯ. ಮಠದ ಭಿಕ್ಷುಗಳು ಮುಟ್ಟುವಂತಿಲ್ಲ, ಸಂಸಾರಸ್ಥರಿಗೆ ಅದಿಲ್ಲದೆ ಹಬ್ಬವಿಲ್ಲ. ಹಬ್ಬಕ್ಕೆ ನಾಲ್ಕು ದಿನ ಅಂದ ಕೌಟಿಲ್ಯನ ಮಾತು ನೆನಪಾಗುತ್ತದೆ ಅಲ್ವಾ?

ನಮ್ಮ ಕಾಯ್ದೆ ಏನು ಹೇಳುತ್ತೆ? 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮಾದಕ ಪೇಯ ತಯಾರಿಸುವುದು ಅಪರಾಧ. ಹಾಗಾಗಿ ಇದನ್ನ ಓದಿ ಯಾರೂ ಅಂಬಲಿ ಪಾತ್ರೆ ಇಟ್ಟುಕೊಂಡು ಕೂರಬೇಡಿ, ಕೇಸಾಗುತ್ತೆ. ಅದೇ ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ರಾಗಿ ಬಿಯರ್ ಕೇಳಿ, ಗಾಜಿನ ಲೋಟದಲ್ಲಿ ಇಟ್ಟು ಬಿಲ್ ಕೊಡುತ್ತಾರೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನ ಮಾಡಿ ಅನ್ನುತ್ತೆ. ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ವರ್ಷಕ್ಕೆ ಮೂವತ್ತು ಸಾವಿರ ಕೋಟಿಗೂ ಹೆಚ್ಚು ಬರುತ್ತೆ. ಒಂದು ಕೈಯಲ್ಲಿ 47ನೇ ವಿಧಿ, ಇನ್ನೊಂದು ಕೈಯಲ್ಲಿ ಟಾರ್ಗೆಟ್! 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. ನಿಜಲಿಂಗಪ್ಪನವರೂ ಅದರಲ್ಲಿದ್ದರು. 2019ರ ಜನವರಿಯಲ್ಲಿ ಅದೇ ಚಿತ್ರದುರ್ಗದಿಂದ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಲ್ಲಿಸಿ ಅಂತ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಎಂಬತ್ತು ವರ್ಷ ಕಳೆದರೂ ಹೊರಟದ್ದು ಅದೇ ಜಾಗದಿಂದ.

ಇದನ್ನೆಲ್ಲ ನಾನು ಅವತ್ತು ನ್ಯೂಜೆರ್ಸಿಯ ಅಡುಗೆಮನೆಯಲ್ಲೇ ಒಂದು ವಾದವಾಗಿ ಕಟ್ಟಿಕೊಂಡಿದ್ದೆ. ಸ್ಟುಡಿಯೋ ಅಭ್ಯಾಸ, ಬಿಡೋಕಾಗಲ್ಲ. ಅವ್ವನ ಮುಂದೆ ಮಂಡಿಸಿದೆ ಕೂಡ. "ನೋಡವ್ವಾ, ಮನೆಯಲ್ಲಿ ಹಬ್ಬಕ್ಕೆ ಮಾಡಿಕೊಳ್ಳೋದು ಬೇರೆ, ಮಾರೋದು ಬೇರೆ. ಇಲ್ಲಿ ಮಾರೋ ಹಾಗೇ ಇಲ್ಲ. ಮಾವನನ್ನ ಕೊಂದದ್ದು ಕುಡಿತ ಅಲ್ಲ, ಗುತ್ತಿಗೆದಾರನ ಪಾಕೆಟ್ಟು. ಮನೆಯ ಮಡಕೆ ಇದ್ದಿದ್ದರೆ ನೀನು ಅಳತೆ ಮಾಡಿ ಕೊಡ್ತಿದ್ದೆ. ಅವನು ಉಳೀತಿದ್ದ."

ಅವ್ವ ಪಾತ್ರೆ ಉಜ್ಜುತ್ತಿದ್ದವರು ಕೈ ನಿಲ್ಲಿಸಿದರು.

"ಅಳತೆ ಮಾಡಿ ಕೊಡೋಕೆ ನಾನೇನು ಬ್ಯಾರನ್ನಿನ ಮುಂದೆ ಕೂತಿದ್ನಾ ಮಗ? ಅವನೊಬ್ನೇ ಕೂತಿದ್ದ. ಮನೆಯಾಗೆ ಮಡಿಕೆ ಇದ್ದಿದ್ರೆ ಮಡಿಕೆ ಮುಂದೆ ಕೂರ್ತಿದ್ದ. ರಾತ್ರಿಯೆಲ್ಲ ಅವನ್ ಜತೆಗೆ ಯಾರಾದ್ರೂ ಕೂತಿದ್ರೆ ಉಳೀತಿದ್ನೇನೋ. ನಿಮ್ಮಪ್ಪಾನೂ ಕೂರ್ಲಿಲ್ಲ. ನೀನೂ ಪರೀಕ್ಷೆ ಅಂತ ಹೋಗ್ಲಿಲ್ಲ."

ಸಾವಿರಾರು ಜನರನ್ನ ಟೀವಿಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದವನು ನಾನು. ಅವತ್ತು ನನಗೆ ಉತ್ತರ ಬರಲಿಲ್ಲ. ಇವತ್ತಿಗೂ ಇಲ್ಲ.

ಆ ರಾಗಿ ಬಿಯರ್ ತಯಾರಾಗುವಷ್ಟರಲ್ಲಿ ನನ್ನ ರಜೆ ಮುಗಿದಿತ್ತು. ಈ ಸಲ ತಂಗಿಯ ಗಂಡ ಆತುರ ಮಾಡಲಿಲ್ಲ, ಎರಡು ವಾರ ಕಾದು, ಸಕ್ಕರೆ ತೂಗಿ ಹಾಕಿ, ಬಾಟ್ಲಿಗಳನ್ನ ದಪ್ಪ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ. ಒಂದೂ ಒಡೆಯಲಿಲ್ಲ. ಸ್ವಲ್ಪ ಹುಳಿ, ಸ್ವಲ್ಪ ಮಣ್ಣಿನ ವಾಸನೆ, ಬಣ್ಣ ಕೆಂಚಗೆ, ಚೆನ್ನಾಗಿದೆ ಭಾವ ಅಂತ ಫೋನ್ ಮಾಡಿದ. ಅವ್ವ ಏನಂದರು ಅಂತ ಕೇಳಿದೆ.

"ಅತ್ತೆ ಮುಟ್ಟಲಿಲ್ಲ. ಆದರೆ ನಾನು ಲೋಟ ಹಿಡಿದು ಕೂತಿದ್ದೆನಲ್ಲ, ಎದುರಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಕುಡಿದು ಮುಗಿಸಿ ಲೋಟ ತೊಳೆದಿಡುವವರೆಗೂ ಎದ್ದು ಹೋಗಲಿಲ್ಲ."